ಮುಚ್ಚಿದ ಗಣಿಯನ್ನು ನಾನು ಕೆಳಗಿನಿಂದ ನೋಡುತ್ತೇನೆ

ಕಲ್ಲಿದ್ದಲು ತೆಗೆದ ಮೇಲೆ ಗುಂಡಿ ಮುಚ್ಚಿ, ಮೇಲ್ಮಣ್ಣು ಹರಡಿ, ಹುಲ್ಲು ಬೆಳೆಸಿರುತ್ತಾರೆ. ತಪಾಸಣೆಗೆ ಹೋದರೆ ಗಣಿಯವರು ಮೊದಲು ದಿಬ್ಬದ ತುದಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಂದ ಎಲ್ಲವೂ ಹಸಿರೇ. ಮೊದಮೊದಲು ನಾನೂ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಈಗ ಗಾಡಿ ಇಳಿದವನೇ ನೀರು ಹೊರಗೆ ಹೋಗುವ ಕಡೆಗೆ ನಡೆಯುತ್ತೇನೆ. ಮೇಲೆ ತಪ್ಪಾಗಿದ್ದರೆ ಅದರ ಗುರುತು ಹೆಚ್ಚಾಗಿ ಕೆಳಗೆ ಸಿಗುತ್ತದೆ.

ಹೋಗುವ ಮುಂಚೆ ನಕ್ಷೆ ಮತ್ತು ಹಿಂದಿನ ವರದಿ ಓದಿಕೊಳ್ಳುತ್ತೇನೆ. ನಕ್ಷೆಯಲ್ಲಿಲ್ಲದ ಕಡೆ ನೀರು ಜಿನುಗುತ್ತಿದ್ದರೆ ಅದೇ ನನ್ನ ಮೊದಲ ಟಿಪ್ಪಣಿ. ಸಾಧ್ಯವಾದರೆ ಮಳೆ ಬಂದ ಮರುದಿನವೇ ಹೋಗುತ್ತೇನೆ. ಬೂಟು ಹಾಳಾಗುತ್ತದೆ, ಆದರೆ ನೀರು ಹಿಡಿದ ದಾರಿ ಕಣ್ಣಿಗೆ ಕಾಣುತ್ತದೆ.

ಇಳಿಜಾರಿನ ಬುಡದಲ್ಲಿ ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಲೋಳೆ ಕಂಡರೆ ಅಲ್ಲೇ ಕೂರುತ್ತೇನೆ. ಕಲ್ಲಿದ್ದಲಿನ ಸುತ್ತಲಿನ ಬಂಡೆಯಲ್ಲಿ ಹೆಚ್ಚಾಗಿ ಪೈರೈಟ್ ಅನ್ನುವ, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ ಇರುತ್ತದೆ. ಅದಕ್ಕೆ ಗಾಳಿ, ನೀರು ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ, ಕಬ್ಬಿಣ ಕರಗಿ ಬರುತ್ತದೆ. ಆ ಲೋಳೆ ಇದೇ ಕಬ್ಬಿಣ. ಕಲ್ಲಿನ ಮೇಲೆ ಬಿಳಿ ಪದರ ಕೂತಿದ್ದರೆ ಅಲ್ಯೂಮಿನಿಯಂ ಇರಬಹುದು ಅಂತ ಅನುಮಾನ. ತಿಳಿನೀರು ಕಂಡು ಖುಷಿಪಡುವಂತಿಲ್ಲ. ಹುಳಿ ತುಂಬಾ ಜಾಸ್ತಿಯಾದರೆ ಕಬ್ಬಿಣ ಕರಗಿದಂತೆಯೇ ಉಳಿದು ನೀರು ಗಾಜಿನಂತೆ ಕಾಣುತ್ತದೆ.

ಇಲ್ಲೇ ನಾನೊಮ್ಮೆ ಎಡವಿದ್ದು. ಶುರುವಿನ ದಿನಗಳಲ್ಲಿ ಸ್ಥಳದಲ್ಲಿ ಪಿಎಚ್ (ಹುಳಿಯ ಅಳತೆ; 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಜಾಸ್ತಿ) ನೋಡದೆ, ಸುಮ್ನೆ ಬಾಟಲಿಯಲ್ಲಿ ಅರ್ಧ ನೀರು ತುಂಬಿ ತಂದುಬಿಟ್ಟೆ. ಗಣಿಯವರು ಅಲ್ಲೇ ಅಳೆದಾಗ 6ರ ಆಸುಪಾಸು ಇತ್ತಂತೆ. ಮರುದಿನ ಲ್ಯಾಬಿನಲ್ಲಿ ನೋಡಿದರೆ 4ರ ಹತ್ತಿರ. ಬಾಟಲಿಯೊಳಗಿನ ಗಾಳಿಗೆ ಕಬ್ಬಿಣ ತುಕ್ಕಾಗಿ ಕೆಳಗೆ ಕೂರುವಾಗ ನೀರು ಇನ್ನಷ್ಟು ಹುಳಿಯಾಗಿತ್ತು. ಅವರ ಅಳತೆಯೂ ಸುಳ್ಳಲ್ಲ, ನನ್ನದೂ ಅಲ್ಲ. ಆದರೆ ನನ್ನ ಹತ್ತಿರ ಸ್ಥಳದ ಅಂಕಿ ಇರಲಿಲ್ಲ, ಮರುಮಾತಾಡದೆ ವಾಪಸ್ ಬಂದೆ. ಈಗ ಬೆಳಿಗ್ಗೆ ಪಿಎಚ್ 4 ಮತ್ತು 7 ಅಂತ ಮೊದಲೇ ಗೊತ್ತಿರುವ ಬಫರ್ ದ್ರಾವಣಗಳಲ್ಲಿ ಮೀಟರ್ ಸರಿಪಡಿಸಿಕೊಂಡೇ ಹೊರಡುವುದು. ಅಂಕಿ ಅಲ್ಲೇ ಬರೆಯುತ್ತೇನೆ, ಬಾಟಲಿ ಕಂಠಮಟ್ಟ ತುಂಬಿ ಐಸಿನಲ್ಲಿ ಇಡುತ್ತೇನೆ. ಲೋಹ ನೋಡುವ ಬಾಟಲಿ ಬೇರೆ, ಅದಕ್ಕೆ ನೈಟ್ರಿಕ್ ಆಮ್ಲ ಹಾಕಿರಬೇಕು.

ಹೂಳು ಹಿಡಿಯುವ ಹೊಂಡದಲ್ಲಿ ಹೂಳು ಎಷ್ಟು ತುಂಬಿದೆ, ಏರಿಯ ಬುಡ ಒದ್ದೆಯಾಗಿದೆಯಾ, ಕೋಡಿ ಬಿರುಕು ಬಿಟ್ಟಿದೆಯಾ, ಇಷ್ಟು ನೋಡಿದರೆ ಆಯಿತು.

ಆಮೇಲೆ ಸನಿಕೆ ಹಿಡಿದು ಮೇಲೆ ಹತ್ತುತ್ತೇನೆ. ಹುಲ್ಲು ಚೆನ್ನಾಗಿರುವ ಕಡೆಯೇ ಅಗೆದು ನೋಡಬೇಕು. ಹಸಿಮಣ್ಣಿನ ಮೇಲೆ ಡೋಜರ್ ಓಡಾಡಿದ್ದರೆ ಕೆಳಗಿನ ಮಣ್ಣು ಚಪ್ಪಡಿಯಂತೆ ಗಟ್ಟಿಯಾಗಿರುತ್ತದೆ. ಒಂದು ಗಿಡ ಕಿತ್ತೆ ಅಂತ ಇಟ್ಟುಕೊಳ್ಳಿ. ಬೇರು ಒಂದು ಗೇಣು ಇಳಿದು, ಗೋಡೆಗೆ ಹಾಯ್ದಂತೆ ಅಡ್ಡಕ್ಕೆ ತಿರುಗಿರುತ್ತದೆ. ಗೊಬ್ಬರದ ಜೋರು ಮುಗಿದ ಮೇಲೆ ಆ ಹುಲ್ಲು ಎಷ್ಟು ದಿನ ನಿಂತೀತು?

ಹಸಿರು ಎಷ್ಟು ಅನ್ನುವುದನ್ನು ಕಣ್ಣಂದಾಜಿಗೆ ಬಿಡುವುದಿಲ್ಲ. 50 ಮೀಟರ್ ಟೇಪು ಎಳೆದು ಅರ್ಧ ಮೀಟರಿಗೊಮ್ಮೆ ಸಲಾಕೆ ಚುಚ್ಚುತ್ತೇನೆ, 100 ಬಿಂದು. ತುದಿಗೆ ತಾಗಿದ್ದು ಗಿಡವೋ, ಒಣಗಿದ ಕಸವೋ, ಬರೀ ಮಣ್ಣೋ ಅಂತ ಬರೆದುಕೊಳ್ಳುತ್ತೇನೆ. ಬೇಸರದ ಕೆಲಸ, ಸೊಂಟ ಹಿಡಿಯುತ್ತದೆ. ಆದರೆ ದಿಬ್ಬದ ಮೇಲಿಂದ ಕಂಡ ಹಸಿರು ಎಷ್ಟೋ ಸಲ ಇದರಲ್ಲಿ ಅರ್ಧಕ್ಕೆ ಇಳಿದದ್ದಿದೆ.

ಕೊರಕಲು ಕಂಡರೆ ಪಕ್ಕದಲ್ಲಿ ಗೂಟ ನೆಟ್ಟು ಫೋಟೋ ತೆಗೆಯುತ್ತೇನೆ, ಮುಂದಿನ ಸಲ ಅದೇ ಜಾಗದಿಂದ ಇನ್ನೊಂದು. ಬರೀ ಮಣ್ಣು ತುಂಬಿ ಮುಚ್ಚಿದರೆ ಆಗುವುದಿಲ್ಲ, ಮೇಲೆ ನೀರು ಒಂದೇ ಕಡೆ ಸೇರುವುದನ್ನು ತಪ್ಪಿಸಿ ಅಂತ ಒಂದು ಕಡೆ ಬರೆದು ಕೊಟ್ಟಿದ್ದೆ. ಅವರು ಮಣ್ಣೇ ತುಂಬಿದರು. ಮತ್ತೆ ಹೋದಾಗ ಪಕ್ಕದಲ್ಲೇ ಹೊಸ ಕೊರಕಲು. ನನ್ನ ಗೂಟ ಹುಡುಕಿದೆ. ಅದು ಕೆಳಗಿನ ಹೊಂಡದಲ್ಲಿ ತೇಲುತ್ತಿತ್ತು.