ಹಾವು ಕಡಿದ ಮೇಲಿನ ಮೊದಲ ಗಂಟೆ

ಗಂಗಾವತಿ, ಕಾರಟಗಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರು ಅಂದರೆ ಭತ್ತದ ನಾಟಿ ಶುರು. ಹಾವು ಕಡಿತದ ಕೇಸುಗಳೂ ಶುರು. ಗದ್ದೆಯಲ್ಲಿ ಇಲಿ ಜಾಸ್ತಿ, ಇಲಿ ಇದ್ದ ಕಡೆ ಹಾವು ಇದ್ದೇ ಇರುತ್ತದೆ. ನಾನು ಈ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಸ್ಟಾಫ್ ನರ್ಸ್. ಹಾವಿನ ವಿಷಕ್ಕೆ ಔಷಧಿ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ, ಚೆನ್ನಾಗಿ ಕೆಲಸವೂ ಮಾಡುತ್ತದೆ. ಆದರೂ ಜೀವ ಹೋಗುತ್ತದೆ ಅಂದರೆ, ಎಷ್ಟೋ ಸಲ ಕಾರಣ ಗದ್ದೆಯಿಂದ ಆಸ್ಪತ್ರೆಗೆ ಬರುವಷ್ಟರಲ್ಲಿ ಕಳೆದ ಹೊತ್ತು. ಆ ಹೊತ್ತು ಉಳಿಸುವುದೇ ನನ್ನ ಕೆಲಸ ಅಂದುಕೊಂಡಿದ್ದೇನೆ.

"ಅಕ್ಕಾರ, ಹುಳ ಮುಟ್ಟೈತ್ರಿ" ಅಂತ ಫೋನ್ ಬಂದರೆ ನಾನು ಯಾವ ಹಾವು ಅಂತ ಮೊದಲು ಕೇಳುವುದಿಲ್ಲ. ಎಲ್ಲಿದ್ದೀರಿ, ಗಾಡಿ ಇದೆಯಾ, ಉಸಿರಾಟ ಹೇಗಿದೆ ಅಂತ ಕೇಳುತ್ತೇನೆ. ಹಾವಿನ ವಿಷ ಇಳಿಸಲು ನಮ್ಮಲ್ಲಿ ಕೊಡುವ ಎಎಸ್‌ವಿ ಇಂಜೆಕ್ಷನ್ ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ. ಹಾಗಾಗಿ ಹಾವನ್ನು ಹುಡುಕಿ, ಹೊಡೆದು, ಚೀಲದಲ್ಲಿ ಹಾಕಿಕೊಂಡು ಬರುವ ಅಗತ್ಯವೇ ಇಲ್ಲ. ಹುಡುಕಲು ಹೋದವರಿಗೂ ಕಡಿದರೆ ಏನು ಗತಿ?

ಆಮೇಲೆ ಫೋನಿನಲ್ಲೇ ಹೇಳುತ್ತೇನೆ: ಉಂಗುರ, ಕಾಲುಂಗುರ, ಕಡಗ ಬಿಚ್ಚಿ. ಊತ ಬಂದ ಮೇಲೆ ಅವು ಬರುವುದಿಲ್ಲ. ನಡೆಸಬೇಡಿ, ಎತ್ತಿಕೊಳ್ಳಿ. ಮೂಳೆ ಮುರಿದಾಗ ಮಾಡುವ ಹಾಗೆ ಎರಡು ಕಡ್ಡಿಯನ್ನೋ ರಟ್ಟನ್ನೋ ಇಟ್ಟು ಟವೆಲಿನಿಂದ ಸಡಿಲವಾಗಿ ಸುತ್ತಿ, ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ. ಕಾಲು ಅಲುಗಾಡದಿದ್ದರೆ ವಿಷ ನಿಧಾನಕ್ಕೆ ಏರುತ್ತದೆ. 108 ಬರುವುದು ತಡವಾದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಬನ್ನಿ. ಕೊಯ್ಯಬೇಡಿ, ಹೀರಬೇಡಿ, ಹಗ್ಗ ಕಟ್ಟಬೇಡಿ.

ಹಗ್ಗದ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು. ಈಗಲೂ ಎಷ್ಟೋ ಜನ ತೊಡೆಗೆ ಬಿಗಿಯಾಗಿ ಹಗ್ಗ ಕಟ್ಟಿಕೊಂಡೇ ಬರುತ್ತಾರೆ. ರಕ್ತ ಓಡಾಡದೆ ಕಾಲು ಕಪ್ಪಾಗಿರುತ್ತದೆ. ಹಾಗೆ ಬಂದಾಗ ನಾನು ತಟ್ಟನೆ ಬಿಚ್ಚುವುದಿಲ್ಲ. ಒಮ್ಮೆಲೇ ಬಿಚ್ಚಿದರೆ ಕೆಳಗೆ ನಿಂತ ವಿಷವೆಲ್ಲ ಒಟ್ಟಿಗೆ ಮೇಲೆ ನುಗ್ಗಬಹುದು. ಡಾಕ್ಟರ್ ಬಂದು, ಇಂಜೆಕ್ಷನ್ ತಯಾರಾದ ಮೇಲೆ ನಿಧಾನವಾಗಿ ಸಡಿಲಿಸುತ್ತೇವೆ.

ನಂತರ, ರಕ್ತ ಹೆಪ್ಪುಗಟ್ಟುತ್ತದೆಯಾ ಅಂತ ನೋಡಲು ಗಾಜಿನ ನಳಿಕೆ. ಹೊಸದು, ಒಣಗಿದ್ದು, ಗಾಜಿನದೇ ಆಗಬೇಕು. ಪ್ಲಾಸ್ಟಿಕ್ ನಡೆಯುವುದಿಲ್ಲ. 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತೇನೆ. ಆಮೇಲೆ ಮೆಲ್ಲಗೆ ಓರೆ ಮಾಡಿದಾಗ ರಕ್ತ ಗಟ್ಟಿಯಾಗಿದ್ದರೆ ಸದ್ಯಕ್ಕೆ ಸಮಾಧಾನ, ಆದರೂ ಮತ್ತೆ ಮತ್ತೆ ನೋಡುತ್ತೇವೆ. ನೀರಿನಂತೆ ಹರಿದರೆ ಮಂಡಲದ ವಿಷ ರಕ್ತಕ್ಕೆ ಸೇರಿದೆ ಅಂತಲೇ ಲೆಕ್ಕ. ಮಕ್ಕಳಿಗೂ ದೊಡ್ಡವರಷ್ಟೇ ಡೋಸ್ ಅಂದರೆ ತಂದೆತಾಯಿ ಗಾಬರಿಯಾಗುತ್ತಾರೆ. ಹಾವು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲ ಅಲ್ವಾ, ಅದಕ್ಕೇ ಔಷಧಿಯೂ ಅಷ್ಟೇ ಬೇಕು.

ನನಗೆ ಅತಿ ಹೆಚ್ಚು ಭಯ ಕಟ್ಟು ಹಾವಿನದು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಡಿಯುತ್ತದೆ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಕಣದಲ್ಲಿ ಭತ್ತ ಕಾಯಲು ಮಲಗಿದ್ದ ಹುಡುಗನೊಬ್ಬ ನಸುಕಿನಲ್ಲಿ ಹೊಟ್ಟೆನೋವು ಅಂತ ಎದ್ದ. ಗ್ಯಾಸ್ ಇರಬೇಕು ಅಂತ ಮನೆಯವರು ಸೋಡಾ ಕುಡಿಸಿ ಕರೆತಂದರು. ಅವನು ತಲೆ ಹಿಂದಕ್ಕೆ ವಾಲಿಸಿ ನನ್ನನ್ನು ನೋಡುತ್ತಿದ್ದ. ರೆಪ್ಪೆ ಮೇಲೆ ಏಳುತ್ತಿರಲಿಲ್ಲ, ಅದಕ್ಕೆ. "ಒಂದೇ ಉಸಿರಿನಾಗ ಎಣಿಸಪ್ಪಾ" ಅಂದೆ. ಹತ್ತು ದಾಟಲಿಲ್ಲ. ಡಾಕ್ಟರ್ ತಕ್ಷಣ ಎಎಸ್‌ವಿ ಹಚ್ಚಿದರು. ದೊಡ್ಡ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಉಸಿರು ಸೋತಿತು, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಒತ್ತುತ್ತಲೇ ಕರೆದೊಯ್ದೆವು. ವೆಂಟಿಲೇಟರ್ ಮೇಲಿದ್ದು ಬದುಕಿ ಬಂದ. ಹೊಲದಲ್ಲೋ ನೆಲದಲ್ಲೋ ಮಲಗಿದವರು ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಭಾರ, ನುಂಗಲು ಕಷ್ಟ ಅಂದರೆ ದಯವಿಟ್ಟು ಗ್ಯಾಸ್ ಅಂತ ಕೂರಬೇಡಿ.

ನಾಟಿಗೆ ಮೊದಲು ನಾನು ಆಶಾ ಅಕ್ಕಂದಿರ ಜೊತೆ ಓಣಿ ಓಣಿ ತಿರುಗುತ್ತೇನೆ. ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ತೋರಿಸುತ್ತೇನೆ, ಕಟ್ಟು ಹಾವಿಗೆ ಅದು ಒಳ್ಳೆಯ ತಡೆ. ಬಣವೆಗೆ ಬರಿಗೈ ಹಾಕಬೇಡಿ, ರಾತ್ರಿ ಮೋಟಾರ್ ಹಚ್ಚಲು ಹೋಗುವಾಗ ಬ್ಯಾಟರಿ ಹಿಡಿಯಿರಿ ಅನ್ನುತ್ತೇನೆ. ಮಂತ್ರ ಹಾಕುವ ಅಜ್ಜನ ಮನೆಗೂ ಹೋಗುತ್ತೇನೆ. ಜನರಿಗೆ ಅವರ ಮೇಲೆ ನಂಬಿಕೆ, ಅವರನ್ನು ಬಿಟ್ಟು ಈ ಕೆಲಸ ಆಗದು. ವಿಷವಿಲ್ಲದ ಹಾವು ಕಡಿದವರು, ಕಡಿದರೂ ವಿಷ ಇಳಿಯದವರು ಹೇಗೂ ಉಳಿಯುತ್ತಾರೆ, ಮಂತ್ರದಿಂದ ಉಳಿದೆವು ಅನ್ನುತ್ತಾರೆ. ಜಗಳ ಮಾಡದೆ ಇಷ್ಟೇ ಕೇಳಿಕೊಂಡೆ: "ಅಜ್ಜಾರ, ಮಂತ್ರ ಗಾಡ್ಯಾಗ ಕುಂತು ಹೇಳ್ರಿ, ಗಾಡಿ ನಿಲ್ಲಬಾರದು." ಈಗ ಅವರೇ ಫೋನ್ ಮಾಡುತ್ತಾರೆ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಎಲ್ಲಿ ಎಷ್ಟು ಕೇಸು ಅಂತ ಲೆಕ್ಕ ಸಿಕ್ಕರೆ ಔಷಧಿಯೂ ಅಲ್ಲಿಗೆ ಸರಿಯಾಗಿ ಬರುತ್ತದೆ.

ಡಿಸ್ಚಾರ್ಜ್ ಆದವರಿಗೆ ಒಂದು ಮಾತು ತಪ್ಪದೆ ಹೇಳಿ ಕಳಿಸುತ್ತೇನೆ. ಎಎಸ್‌ವಿ ಕುದುರೆ ರಕ್ತದಿಂದ ತಯಾರಾಗುವ ಔಷಧಿ. ಒಂದೆರಡು ವಾರದಲ್ಲಿ ಜ್ವರ, ಕೀಲುನೋವು, ಮೈ ತುರಿಕೆ ಬಂದರೆ ಅದು ಔಷಧಿಯಿಂದ ಇರಬಹುದು. ಗುಣವಾಗುತ್ತದೆ, ಚೀಟಿ ಹಿಡಿದುಕೊಂಡು ವಾಪಸ್ ಬನ್ನಿ.