ಒಂದೇ ಗಾಜಿನ ಜಾಡಿಯಲ್ಲಿ ಗಾಳಿಯ ಮತ್ತು ಕಾರ್ಬನ್ ಡೈಆಕ್ಸೈಡ್‌ನ ಶಬ್ದವೇಗವನ್ನು ಅಳೆಯುವ ವಿಧಾನ

ಶಾಲಾ ಪಠ್ಯದಲ್ಲಿ ರಾಸಾಯನಿಕ ಸಮೀಕರಣಗಳು ಒಂದು ಅಧ್ಯಾಯದಲ್ಲಿಯೂ ಶಬ್ದತರಂಗಗಳು ಇನ್ನೊಂದರಲ್ಲಿಯೂ ಬರುತ್ತವೆ. ಆದರೆ ವಿದ್ಯಾರ್ಥಿಗಳು ಎರಡರಲ್ಲಿಯೂ ಎಡವುವ ಜಾಗ ಒಂದೇ ಆಗಿದೆ: ಯಾವ ಪರಿಮಾಣವನ್ನು ಯಾವುದು ನಿರ್ಧರಿಸುತ್ತದೆ ಎಂದು ಕೇಳಿಕೊಳ್ಳದೆ ಸೂತ್ರಕ್ಕೆ ಅಂಕಿ ತುಂಬಲು ಹೊರಡುತ್ತಾರೆ. ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಅವಕಾಶವೇ ಕೊಡದ ಪ್ರಯೋಗವೊಂದನ್ನು ಇಲ್ಲಿ ವಿವರಿಸಲಾಗಿದೆ. ಅಡುಗೆ ಸೋಡಾ ಮತ್ತು ವಿನಿಗರ್‌ನಿಂದ ಕಾರ್ಬನ್ ಡೈಆಕ್ಸೈಡ್ ತಯಾರಿಸಿ, ಅದನ್ನು ಗಾಜಿನ ಜಾಡಿಗೆ ತುಂಬಿ, ಅದರಲ್ಲಿ ಶಬ್ದ ಎಷ್ಟು ವೇಗವಾಗಿ ಚಲಿಸುತ್ತದೆ ಎಂಬುದನ್ನು ಮೊಬೈಲ್ ಫೋನಿನ ನೆರವಿನಿಂದ ಕಂಡುಹಿಡಿಯುವುದೇ ಆ ಪ್ರಯೋಗ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಒಳಗಿನ ಆಳ ಸುಮಾರು 20 ಸೆಂ.ಮೀ., ಒಳವ್ಯಾಸ ಸುಮಾರು 4 ಸೆಂ.ಮೀ. ಇರುವ, ತಳ ಮುಚ್ಚಿದ ಅಳತೆ ಜಾಡಿ, 500 ಮಿ.ಲೀ. ಬಾಟಲಿ, ಅದರ ಬಾಯಿಗೆ ಹೊಂದುವ ರಂಧ್ರವಿರುವ ಬಿರಡೆ, ಅದಕ್ಕೆ ಸಿಕ್ಕಿಸುವ ರಬ್ಬರ್ ನಳಿಕೆ, ಥರ್ಮಾಮೀಟರ್, ಅಳತೆಪಟ್ಟಿ, ಮತ್ತು ಬೇಕಾದ ಆವೃತ್ತಿಯ ಧ್ವನಿಯನ್ನು ಹೊರಡಿಸುವ ಟೋನ್ ಜನರೇಟರ್ ಆ್ಯಪ್ ಇರುವ ಫೋನ್ ಸಾಕು. ಜಾಡಿಯ ಆಳವನ್ನು ಹೊರಗಿನಿಂದ ಅಳೆಯಬಾರದು, ಏಕೆಂದರೆ ಅಳತೆ ಜಾಡಿಯ ತಳ ಸಾಮಾನ್ಯವಾಗಿ ದಪ್ಪವಾಗಿರುತ್ತದೆ. ತೆಳುವಾದ ಕಡ್ಡಿಯೊಂದನ್ನು ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಹಾಕಿ, ಆ ಕಡ್ಡಿಯನ್ನು ಅಳತೆಪಟ್ಟಿಯ ಮೇಲಿಟ್ಟು ಓದಬೇಕು. ಇಲ್ಲಿ 2 ಮಿ.ಮೀ. ತಪ್ಪಿದರೆ ಅಂತಿಮ ಉತ್ತರದಲ್ಲಿ ಸುಮಾರು ನೂರಕ್ಕೆ ಒಂದರಷ್ಟು ದೋಷ ಬರುತ್ತದೆ.

ಮೊದಲು ಗಾಳಿಯಲ್ಲಿ ಅಳೆಯೋಣ. ಖಾಲಿ ಜಾಡಿಯನ್ನು ಮೇಜಿನ ಮೇಲೆ ನೆಟ್ಟಗೆ ಇರಿಸಿ, ಫೋನಿನ ಸ್ಪೀಕರ್ ಅದರ ಬಾಯಿಯಿಂದ ಎರಡು ಮೂರು ಸೆಂ.ಮೀ. ಮೇಲಿರುವಂತೆ, ಆದರೆ ಬಾಯಿಯನ್ನು ಮುಚ್ಚದಂತೆ, ಒಂದು ಆಧಾರಕ್ಕೆ ಕಟ್ಟಿ ನಿಲ್ಲಿಸಬೇಕು. ಕೈಯಲ್ಲಿ ಹಿಡಿದುಕೊಂಡರೆ ಪ್ರತಿ ಬಾರಿಯೂ ದೂರ ಬದಲಾಗಿ ಧ್ವನಿಯ ಏರಿಳಿತವನ್ನು ಹೋಲಿಸುವುದೇ ಕಷ್ಟವಾಗುತ್ತದೆ. ಧ್ವನಿಯ ಮಟ್ಟವನ್ನು ಕಡಿಮೆ ಇಟ್ಟುಕೊಂಡು, 300 ಹರ್ಟ್ಜ್‌ನಿಂದ ಆರಂಭಿಸಿ ಹತ್ತು ಹತ್ತು ಹರ್ಟ್ಜ್ ಏರಿಸುತ್ತ ಹೋಗಬೇಕು. 400 ಹರ್ಟ್ಜ್‌ನ ಆಸುಪಾಸಿನಲ್ಲಿ ಧ್ವನಿ ಇದ್ದಕ್ಕಿದ್ದಂತೆ ತುಂಬಿಕೊಂಡು ಕೇಳಿಸುತ್ತದೆ, ಇದೇ ಅನುನಾದ. ಅಲ್ಲಿಂದ ಸ್ವಲ್ಪ ಹಿಂದೆ ಬಂದು ಒಂದೊಂದೇ ಹರ್ಟ್ಜ್ ಏರಿಸಿ, ಧ್ವನಿ ಅತಿ ಜೋರಾಗಿರುವ ಅಂಕಿಯನ್ನು ಬರೆದುಕೊಳ್ಳಬೇಕು.

ಕೇಳಿಸಿದ ಏರಿಕೆ ಜಾಡಿಯದೇ ಹೌದೋ ಎಂಬುದನ್ನು ಪರೀಕ್ಷಿಸದೆ ಮುಂದೆ ಹೋಗಬಾರದು. ಫೋನಿನ ಸಣ್ಣ ಸ್ಪೀಕರ್‌ಗಳು ಕೆಲವು ಆವೃತ್ತಿಗಳಲ್ಲಿ ತಾವಾಗಿಯೇ ಜೋರಾಗಿರುತ್ತವೆ, ಕೋಣೆಯ ಗೋಡೆಗಳೂ ಕೆಲವು ಸ್ವರಗಳನ್ನು ಎತ್ತಿ ತೋರಿಸುತ್ತವೆ. ಆದ್ದರಿಂದ ಜಾಡಿಯ ಬಾಯಿಗೆ ಒಂದು ರಟ್ಟಿನ ತುಂಡನ್ನು ಮುಚ್ಚಿ ನೋಡಬೇಕು. ಧ್ವನಿ ಥಟ್ಟನೆ ತಗ್ಗಿದರೆ ಅದು ಜಾಡಿಯೊಳಗಿನ ಗಾಳಿಯ ಅನುನಾದ, ಹಾಗೆಯೇ ಉಳಿದರೆ ಬೇರೆ ಯಾವುದೋ ಕಾರಣ. ಇನ್ನೊಂದು ಪರೀಕ್ಷೆಯೂ ಇದೆ: ಒಂದು ತುದಿ ಮುಚ್ಚಿದ ಕೊಳವೆ ಮೂಲ ಆವೃತ್ತಿಯ ಸುಮಾರು ಮೂರರಷ್ಟು ಆವೃತ್ತಿಗೆ ಮತ್ತೆ ಅನುನಾದ ತೋರುತ್ತದೆ, ಎರಡರಷ್ಟಕ್ಕೆ ತೋರುವುದಿಲ್ಲ.

ಜಾಡಿಯ ತಳದಲ್ಲಿ ಗಾಳಿಯ ಕಣಗಳು ಮೇಲೆ ಕೆಳಗೆ ಅಲುಗಲಾರವು, ಬಾಯಿಯಲ್ಲಿ ಅತಿ ಹೆಚ್ಚು ಅಲುಗಬಲ್ಲವು. ಆದ್ದರಿಂದ ತಳದಲ್ಲಿ ನಿಸ್ಪಂದವೂ ಬಾಯಿಯಲ್ಲಿ ಪ್ರಸ್ಪಂದವೂ ಏರ್ಪಡುತ್ತವೆ, ಇವೆರಡರ ನಡುವಿನ ಅಂತರ ತರಂಗಾಂತರದ ಕಾಲುಭಾಗವಾಗಿರುತ್ತದೆ. ಆದರೆ ಪ್ರಸ್ಪಂದ ಸರಿಯಾಗಿ ಬಾಯಿಯ ಅಂಚಿನಲ್ಲಿ ನಿಲ್ಲುವುದಿಲ್ಲ, ಸ್ವಲ್ಪ ಹೊರಗಿರುತ್ತದೆ. ಇದಕ್ಕಾಗಿ ಆಳಕ್ಕೆ ಒಳವ್ಯಾಸದ 0.3ರಷ್ಟನ್ನು ಸೇರಿಸಬೇಕು, ಇದನ್ನು ತುದಿ ತಿದ್ದುಪಡಿ ಎನ್ನುತ್ತಾರೆ. ನಮ್ಮ ಜಾಡಿಗೆ ಅದು 1.2 ಸೆಂ.ಮೀ., ಹಾಗಾಗಿ ಪರಿಣಾಮಕಾರಿ ಉದ್ದ 21.2 ಸೆಂ.ಮೀ., ತರಂಗಾಂತರ ಅದರ ನಾಲ್ಕರಷ್ಟು, ಅಂದರೆ 84.8 ಸೆಂ.ಮೀ. ಆವೃತ್ತಿಯನ್ನು ತರಂಗಾಂತರದಿಂದ ಗುಣಿಸಿದರೆ ವೇಗ ಸಿಗುತ್ತದೆ. ಅನುನಾದ 404 ಹರ್ಟ್ಜ್‌ನಲ್ಲಿ ಸಿಕ್ಕಿದ್ದರೆ 404 × 0.848 = 342.6, ಎಂದರೆ ಸೆಕೆಂಡಿಗೆ ಸುಮಾರು 343 ಮೀಟರ್. ಗಾಳಿಯಲ್ಲಿ ಶಬ್ದದ ವೇಗ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್ ಇದ್ದು, ಪ್ರತಿ ಡಿಗ್ರಿಗೆ ಸುಮಾರು 0.6 ಮೀಟರ್‌ನಷ್ಟು ಏರುತ್ತದೆ; 20 ಡಿಗ್ರಿಗೆ 343 ಬರಬೇಕಾದದ್ದೇ. ಕೋಣೆಯ ಉಷ್ಣತೆಯನ್ನು ಬರೆದಿಟ್ಟುಕೊಳ್ಳದಿದ್ದರೆ ಈ ಹೋಲಿಕೆಗೆ ಬೆಲೆಯಿಲ್ಲ.

ಇನ್ನು ರಸಾಯನಶಾಸ್ತ್ರದ ಭಾಗ. ಅಡುಗೆ ಸೋಡಾ ಎಂದರೆ ಸೋಡಿಯಂ ಹೈಡ್ರೋಜನ್ ಕಾರ್ಬೋನೇಟ್, ವಿನಿಗರ್‌ನಲ್ಲಿ ಇರುವುದು ಅಸಿಟಿಕ್ ಆಮ್ಲ. ಇವು ಸೇರಿದಾಗ ಸೋಡಿಯಂ ಅಸಿಟೇಟ್, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಉಂಟಾಗುತ್ತವೆ. ಒಂದು ವಸ್ತುವಿನ ಅಣುವಿನಲ್ಲಿ ಯಾವ ಪರಮಾಣು ಎಷ್ಟಿರಬೇಕೆಂಬುದನ್ನು ಆ ವಸ್ತುವೇ ನಿರ್ಧರಿಸಿಯಾಗಿದೆ, ಅದನ್ನು ಬದಲಿಸುವ ಅಧಿಕಾರ ನಮಗಿಲ್ಲ. ನೀರಿಗೆ ಇನ್ನೊಂದು ಆಕ್ಸಿಜನ್ ಪರಮಾಣು ಸೇರಿಸಿ ಲೆಕ್ಕ ಹೊಂದಿಸಿದವರು ಸಮೀಕರಣವನ್ನು ಸರಿದೂಗಿಸಿದಂತಾಗುವುದಿಲ್ಲ, ನೀರನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡಿದಂತಾಗುತ್ತದೆ. ನಮ್ಮ ಕೈಯಲ್ಲಿರುವುದು ಅಣುಗಳ ಸಂಖ್ಯೆ ಮಾತ್ರ.

ಎಡಭಾಗದಲ್ಲಿ ಎರಡು ಪ್ರತಿವರ್ತಕಗಳ ಒಂದೊಂದು ಅಣುವನ್ನು ತೆಗೆದುಕೊಂಡು ಎಣಿಸಿದರೆ ಸೋಡಿಯಂ 1, ಕಾರ್ಬನ್ 3, ಹೈಡ್ರೋಜನ್ 5, ಆಕ್ಸಿಜನ್ 5 ಸಿಗುತ್ತವೆ. ಬಲಭಾಗದ ಮೂರು ಉತ್ಪನ್ನಗಳಲ್ಲಿಯೂ ಒಂದೊಂದು ಅಣುವನ್ನಿಟ್ಟು ಎಣಿಸಿದರೆ ಇದೇ ಸಂಖ್ಯೆಗಳು ಬರುತ್ತವೆ, ಆದ್ದರಿಂದ ಸಮೀಕರಣ ತಾನಾಗಿಯೇ ಸರಿದೂಗಿದೆ. ರಾಶಿಯಲ್ಲಿ ನೋಡಿದರೆ 84 ಗ್ರಾಂ ಸೋಡಾ ಮತ್ತು 60 ಗ್ರಾಂ ಆಮ್ಲ ಸೇರಿ 82 ಗ್ರಾಂ ಸೋಡಿಯಂ ಅಸಿಟೇಟ್, 18 ಗ್ರಾಂ ನೀರು, 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಕೊಡುತ್ತವೆ. ಎರಡೂ ಕಡೆ 144 ಗ್ರಾಂ. ಸರಿದೂಗಿಸಿದ ಪ್ರತಿ ಸಮೀಕರಣವನ್ನೂ ಹೀಗೆ ಗ್ರಾಂಗಳಲ್ಲಿ ಕೂಡಿ ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಪರಮಾಣುಗಳನ್ನು ಎಣಿಸುವಾಗ ಕಣ್ಣುತಪ್ಪಿದ್ದು ಕೂಡುವಾಗ ಸಿಕ್ಕಿಬೀಳುತ್ತದೆ.

ಎಷ್ಟು ಸೋಡಾ ಬೇಕು? ಜಾಡಿಯ ಗಾತ್ರ ಸುಮಾರು 250 ಮಿ.ಲೀ. 20 ಡಿಗ್ರಿಯಲ್ಲಿ, ಸಾಮಾನ್ಯ ವಾಯುಭಾರದಲ್ಲಿ ಒಂದು ಮೋಲ್ ಅನಿಲ, ಅಂದರೆ ಇಲ್ಲಿ 84 ಗ್ರಾಂ ಸೋಡಾದಿಂದ ಬರುವ 44 ಗ್ರಾಂ ಕಾರ್ಬನ್ ಡೈಆಕ್ಸೈಡ್, ಸುಮಾರು 24 ಲೀಟರ್ ಜಾಗ ಹಿಡಿಯುತ್ತದೆ. 0.25 ಲೀಟರ್ ಅನಿಲಕ್ಕೆ 0.0104 ಮೋಲ್, ಎಂದರೆ 0.9 ಗ್ರಾಂಗಿಂತ ತುಸು ಕಡಿಮೆ ಸೋಡಾ ಸಾಕೆಂದು ಲೆಕ್ಕ ಹೇಳುತ್ತದೆ. ಲೆಕ್ಕ ಸರಿಯೇ, ಆದರೆ ಅಷ್ಟನ್ನೇ ಹಾಕಿದರೆ ಪ್ರಯೋಗ ವಿಫಲವಾಗುತ್ತದೆ. 500 ಮಿ.ಲೀ. ಬಾಟಲಿಗೆ 100 ಮಿ.ಲೀ. ವಿನಿಗರ್ ಸುರಿದ ಮೇಲೆ ಉಳಿದ 400 ಮಿ.ಲೀ. ಜಾಗದಲ್ಲಿ ಗಾಳಿ ಇರುತ್ತದೆ. ಮೊದಲು ಹೊರಬರುವುದು ಆ ಗಾಳಿಯೇ. ಅದನ್ನು ಹೊರದೂಡಿ, ಬಳಿಕ ಜಾಡಿಯ ಗಾಳಿಯನ್ನೂ ಹೊರದೂಡಿ, ವಿನಿಗರ್‌ನಲ್ಲಿ ಕರಗಿಹೋಗುವ ಸ್ವಲ್ಪ ಭಾಗವನ್ನೂ ತುಂಬಿಕೊಡಬೇಕಾದ್ದರಿಂದ 5 ಗ್ರಾಂ ಸೋಡಾ ತೆಗೆದುಕೊಳ್ಳುವುದು ಸೂಕ್ತ. ಇದರಿಂದ 0.06 ಮೋಲ್‌ನಷ್ಟು, ಅಂದರೆ ಸುಮಾರು 1.4 ಲೀಟರ್ ಅನಿಲ ದೊರೆಯುತ್ತದೆ. ಅಷ್ಟು ಸೋಡಾ ಮುಗಿಯಲು ಬೇಕಾದ ಅಸಿಟಿಕ್ ಆಮ್ಲ ಸುಮಾರು 3.6 ಗ್ರಾಂ, 100 ಮಿ.ಲೀ.ಗೆ 5 ಗ್ರಾಂ ಆಮ್ಲವಿರುವ ವಿನಿಗರ್ ಆದರೆ 72 ಮಿ.ಲೀ. ನಾವು 100 ಮಿ.ಲೀ. ಹಾಕುವುದರಿಂದ ಆಮ್ಲ ಉಳಿಯುತ್ತದೆ, ಸೋಡಾ ಪೂರ್ತಿ ಮುಗಿಯುತ್ತದೆ, ಅನಿಲದ ಪ್ರಮಾಣವನ್ನು ನಿರ್ಧರಿಸುವುದು ಸೋಡಾ ಆಗುತ್ತದೆ. ಯಾವ ಪ್ರತಿವರ್ತಕ ಮೊದಲು ಮುಗಿಯುತ್ತದೋ ಅದರಿಂದಲೇ ಲೆಕ್ಕ ಮಾಡಬೇಕು ಎಂಬ ನಿಯಮದ ತಿರುಳು ಇಷ್ಟೇ.

ಸೋಡಾವನ್ನು ಎರಡು ಪಾಲು ಮಾಡಿ ತೆಳು ಕಾಗದದಲ್ಲಿ ಸುತ್ತಿ, ಒಂದಾದ ಮೇಲೆ ಒಂದನ್ನು ವಿನಿಗರ್‌ಗೆ ಹಾಕಬೇಕು. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ನಳಿಕೆಗೆ ನುಗ್ಗುತ್ತದೆ. ನಳಿಕೆಯ ಇನ್ನೊಂದು ತುದಿ ಜಾಡಿಯ ತಳವನ್ನು ಮುಟ್ಟುವಂತಿರಬೇಕು. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಳದಿಂದ ತುಂಬುತ್ತ ಬಂದು ಗಾಳಿಯನ್ನು ಮೇಲಕ್ಕೆ ದೂಡುತ್ತದೆ. ನಳಿಕೆಯನ್ನು ಯಾವ ಕಾರಣಕ್ಕೂ ಮುಚ್ಚಬಾರದು, ಅದು ಮಡಚಿಕೊಳ್ಳದಂತೆ ನೋಡಿಕೊಳ್ಳಬೇಕು. ದಾರಿ ಸಿಗದ ಅನಿಲದ ಒತ್ತಡದಿಂದ ಬಿರಡೆ ಸಿಡಿಯಬಹುದು, ಬಾಟಲಿ ಒಡೆಯಲೂಬಹುದು. ಕಣ್ಣಿಗೆ ರಕ್ಷಣಾ ಕನ್ನಡಕ ಇರಲಿ, ಕೋಣೆಯ ಕಿಟಕಿ ತೆರೆದಿರಲಿ, ಆದರೆ ಜಾಡಿಯ ಮೇಲೆ ನೇರವಾಗಿ ಗಾಳಿ ಬೀಸುವುದು ಬೇಡ. ಗುಳ್ಳೆಗಳು ನಿಂತ ಮೇಲೆ ಉರಿಯುವ ಕಡ್ಡಿಯೊಂದನ್ನು ಜಾಡಿಯ ಬಾಯಿಯ ಒಳಗೆ ತುಸುವೇ ಇಳಿಸಿದರೆ ಅದು ಆರಿಹೋಗಬೇಕು. ಆಗ ನಳಿಕೆಯನ್ನು ನಿಧಾನವಾಗಿ ಹೊರತೆಗೆಯಬೇಕು.

ಫೋನನ್ನು ಮೊದಲಿದ್ದ ಜಾಗದಲ್ಲಿಯೇ ಇಟ್ಟು ಹಿಂದಿನ 404 ಹರ್ಟ್ಜ್ ಧ್ವನಿಯನ್ನೇ ಹೊರಡಿಸಿ ನೋಡಿದರೆ ಜಾಡಿ ಸುಮ್ಮನಿರುತ್ತದೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆವೃತ್ತಿಯನ್ನು ನಿರ್ಧರಿಸುವುದು ಧ್ವನಿಯ ಮೂಲ, ಎಂದರೆ ಫೋನ್; ಜಾಡಿಯಲ್ಲಿ ಯಾವ ಅನಿಲವಿದ್ದರೂ ಅದು ಬದಲಾಗದು. ವೇಗವನ್ನು ನಿರ್ಧರಿಸುವುದು ಅನಿಲ ಮತ್ತು ಅದರ ಉಷ್ಣತೆ. ಫೋನಿನಲ್ಲಿ ಏನು ಒತ್ತಿದರೂ ಅದು ಬದಲಾಗದು. ಇವೆರಡೂ ಗೊತ್ತಾದ ಮೇಲೆ ತರಂಗಾಂತರ ತಾನಾಗಿಯೇ ನಿಗದಿಯಾಗುತ್ತದೆ. ಅನುನಾದಕ್ಕೆ ಯಾವ ತರಂಗಾಂತರ ಬೇಕು ಎಂದು ಹೇಳುವುದು ಮಾತ್ರ ಜಾಡಿಯ ಉದ್ದ. ಆವೃತ್ತಿ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ ಎಂದು ಸೂತ್ರವನ್ನು ನೋಡಿ ಬರೆಯುವವರು ಈ ವ್ಯತ್ಯಾಸವನ್ನು ಗಮನಿಸಿರುವುದಿಲ್ಲ.

ಈಗ ಆವೃತ್ತಿಯನ್ನು ನಿಧಾನವಾಗಿ ಇಳಿಸುತ್ತ ಬಂದರೆ 315 ಹರ್ಟ್ಜ್‌ನ ಸುತ್ತಮುತ್ತ ಜಾಡಿ ಮತ್ತೆ ದನಿಗೂಡಿಸುತ್ತದೆ. ಬೇಕಾದ ತರಂಗಾಂತರ ಹಿಂದಿನದೇ, ಆದ್ದರಿಂದ 315 × 0.848 = 267; ಕಾರ್ಬನ್ ಡೈಆಕ್ಸೈಡ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 267 ಮೀಟರ್. ಆವೃತ್ತಿಯನ್ನು 404ರಲ್ಲೇ ಇರಿಸಿಕೊಳ್ಳುವುದಾದರೆ ತರಂಗಾಂತರ 66 ಸೆಂ.ಮೀ.ಗೆ ಇಳಿಯುತ್ತದೆ, ಅದರ ಕಾಲುಭಾಗ 16.5 ಸೆಂ.ಮೀ., ತುದಿ ತಿದ್ದುಪಡಿ ಕಳೆದರೆ 15.3 ಸೆಂ.ಮೀ.; ಜಾಡಿಗೆ 4.7 ಸೆಂ.ಮೀ. ಎತ್ತರ ನೀರು ಇಳಿಸಿದರೆ ಅದೇ ಸ್ವರಕ್ಕೆ ಅನುನಾದ ಮರಳುತ್ತದೆ. ನೀರನ್ನು ಗೋಡೆಗುಂಟ ನಿಧಾನವಾಗಿ ಇಳಿಸಬೇಕು, ಇಲ್ಲದಿದ್ದರೆ ಅನಿಲ ಕಲಕಿಹೋಗುತ್ತದೆ.

ನೀರಿನಲ್ಲಿ, ಉಕ್ಕಿನಲ್ಲಿ ಶಬ್ದ ಗಾಳಿಗಿಂತ ವೇಗವಾಗಿ ಚಲಿಸುತ್ತದೆಂದು ಓದಿದವರಿಗೆ, ಭಾರವಾದ ಅನಿಲದಲ್ಲಿ ವೇಗ ಇಳಿದದ್ದು ವಿಚಿತ್ರವೆನಿಸಬಹುದು. ನೀರು ಮತ್ತು ಉಕ್ಕಿನಲ್ಲಿ ವೇಗವನ್ನು ಹೆಚ್ಚಿಸುವುದು ಅವುಗಳ ಸಾಂದ್ರತೆಯಲ್ಲ, ಅವು ಸುಲಭಕ್ಕೆ ಸಂಕುಚಿತವಾಗದಿರುವುದು. ಅನಿಲಗಳ ವಿಷಯ ಬೇರೆ. ಒಂದೇ ಉಷ್ಣತೆಯಲ್ಲಿ ಎಲ್ಲ ಅನಿಲಗಳ ಅಣುಗಳಿಗೂ ಸ್ಥಾನಾಂತರ ಚಲನೆಯ ಸರಾಸರಿ ಚಲನಶಕ್ತಿ ಒಂದೇ ಇರುವುದರಿಂದ ಭಾರವಾದ ಅಣುಗಳು ನಿಧಾನವಾಗಿ ಓಡಾಡುತ್ತವೆ, ಅವು ಸಾಗಿಸುವ ತರಂಗವೂ ನಿಧಾನವಾಗುತ್ತದೆ. ವೇಗ ಮೋಲಾರ್ ರಾಶಿಯ, ಎಂದರೆ ಒಂದು ಮೋಲ್ ಅನಿಲ ಎಷ್ಟು ಗ್ರಾಂ ಇದೆ ಎಂಬುದರ, ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಗಾಳಿಯ ಸರಾಸರಿ ಮೋಲಾರ್ ರಾಶಿ 29, ಕಾರ್ಬನ್ ಡೈಆಕ್ಸೈಡ್‌ನದು 44. 44ನ್ನು 29ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.23, ಅದರಿಂದ 343ನ್ನು ಭಾಗಿಸಿದರೆ ಸುಮಾರು 278.

ಅಳತೆಯಲ್ಲಿ ಸಿಕ್ಕಿದ್ದು 267, ಈ ಲೆಕ್ಕದಲ್ಲಿ 278. ವ್ಯತ್ಯಾಸವನ್ನು ಪ್ರಯೋಗದೋಷವೆಂದು ತಳ್ಳಿಹಾಕಬಾರದು. ಶಬ್ದ ಹಾದುಹೋಗುವಾಗ ಅನಿಲ ಬೇಗನೆ ಸಂಕುಚಿತವಾಗಿ ಕ್ಷಣಕಾಲ ಬಿಸಿಯಾಗುತ್ತದೆ, ಆ ಬಿಸಿ ಹೊರಹೋಗಲು ಸಮಯವಿರುವುದಿಲ್ಲ. ನ್ಯೂಟನ್ ಗಾಳಿಯ ಶಬ್ದವೇಗವನ್ನು ಲೆಕ್ಕ ಹಾಕಿದಾಗ ಈ ಬಿಸಿಯನ್ನು ಪರಿಗಣಿಸದೆ ಹೋದದ್ದರಿಂದ ಅವನ ಉತ್ತರ ನಿಜವಾದ ಬೆಲೆಗಿಂತ ಸುಮಾರು ನೂರಕ್ಕೆ 15ರಷ್ಟು ಕಡಿಮೆ ಬಂದಿತ್ತು. 1816ರಲ್ಲಿ ಲಾಪ್ಲಾಸ್ ಅದನ್ನು ತಿದ್ದಿದ. ಅವನ ತಿದ್ದುಪಡಿಯಲ್ಲಿ ಬರುವ ಉಷ್ಣಧಾರಕತೆಗಳ ಅನುಪಾತ (ಒತ್ತಡ ಸ್ಥಿರವಿದ್ದಾಗಿನ ಉಷ್ಣಧಾರಕತೆಯನ್ನು ಗಾತ್ರ ಸ್ಥಿರವಿದ್ದಾಗಿನದರಿಂದ ಭಾಗಿಸಿದ ಬೆಲೆ) ಗಾಳಿಗೆ 1.40, ಕಾರ್ಬನ್ ಡೈಆಕ್ಸೈಡ್‌ಗೆ ಸುಮಾರು 1.29. ವೇಗ ಈ ಅನುಪಾತದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಇವೆರಡರ ಭಾಗಲಬ್ಧದ ವರ್ಗಮೂಲ 0.96; 278ನ್ನು ಅದರಿಂದ ಗುಣಿಸಿದರೆ 267.

ನಿಜವಾದ ಅಳತೆ 267ಕ್ಕೆ ಸರಿಯಾಗಿ ಬೀಳುವುದು ಅಪರೂಪ. ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ಬರುತ್ತದೆ, ಏಕೆಂದರೆ ಜಾಡಿಯ ಬಾಯಿಯ ಬಳಿ ಗಾಳಿ ಬೆರೆತಿರುತ್ತದೆ. ಇನ್ನೊಂದೆಡೆ ಸೋಡಾ ಮತ್ತು ವಿನಿಗರ್‌ನ ಕ್ರಿಯೆ ಶಾಖವನ್ನು ಹೀರಿಕೊಳ್ಳುವುದರಿಂದ ಅನಿಲ ತುಸು ತಣ್ಣಗಿದ್ದು ವೇಗ ಕಡಿಮೆ ತೋರಬಹುದು. ಒಂದು ನಿಮಿಷ ಕಾಯುವುದು ಒಳ್ಳೆಯದು, ಹೆಚ್ಚು ಕಾದರೆ ಅನಿಲ ಗಾಳಿಯೊಡನೆ ಬೆರೆಯುತ್ತ ಹೋಗುತ್ತದೆ. ಈ ಬೆರೆಯುವಿಕೆಯನ್ನೂ ಅಳೆಯಬಹುದು: ಎರಡೆರಡು ನಿಮಿಷಕ್ಕೊಮ್ಮೆ ಅನುನಾದದ ಆವೃತ್ತಿಯನ್ನು ಬರೆದು ನಕ್ಷೆ ಎಳೆದರೆ ಅದು 404ರ ಕಡೆಗೆ ನಿಧಾನವಾಗಿ ಏರುವುದು ಕಾಣುತ್ತದೆ. ಕೊನೆಯಲ್ಲಿ ಜಾಡಿಯನ್ನು ಬೋರಲು ಹಾಕಿ ಅನಿಲವನ್ನೆಲ್ಲ ಹೊರಚೆಲ್ಲಿ, ಗಾಳಿಯ ಅಳತೆಯನ್ನು ಇನ್ನೊಮ್ಮೆ ಮಾಡಬೇಕು. ಮೊದಲ ಅಂಕಿಗೂ ಇದಕ್ಕೂ ಐದು ಹರ್ಟ್ಜ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಫೋನ್ ಜಾಗ ಬಿಟ್ಟು ಸರಿದಿದೆ ಅಥವಾ ಕೋಣೆಯ ಉಷ್ಣತೆ ಬದಲಾಗಿದೆ ಎಂದು ತಿಳಿದು, ಇಡೀ ಅಳತೆಯನ್ನು ಮತ್ತೆ ತೆಗೆದುಕೊಳ್ಳಬೇಕು.