ಬರೆದದ್ದನ್ನು ಬಾಯಿಬಿಟ್ಟು ಓದಿದ ಮೇಲೆ

ಸಾಗರದ ಸಮೀಪದ ನಮ್ಮ ಹಳ್ಳಿಯಲ್ಲಿ ಕತೆ ಬರೆಯಲು ಆರಂಭಿಸಿದ ಮೊದಲ ಐದು ವರ್ಷಗಳಲ್ಲಿ ನಾನು ಬರೆದದ್ದನ್ನು ಒಮ್ಮೆಯೂ ಬಾಯಿಬಿಟ್ಟು ಓದಿದವಳಲ್ಲ. ಮುಗಿದ ಮರುದಿನವೇ ಅಂಚೆಗೆ ಹಾಕುತ್ತಿದ್ದೆ. ಒಂದು ಪತ್ರಿಕೆಯಿಂದ ಹಿಂದಿರುಗಿದರೆ ಶೀರ್ಷಿಕೆ ಬದಲಿಸಿ ಇನ್ನೊಂದಕ್ಕೆ ಕಳುಹಿಸುತ್ತಿದ್ದೆ.

ಈ ಅಭ್ಯಾಸ ತಪ್ಪಿದ್ದು ಹೆಗ್ಗೋಡಿನಲ್ಲಿ. 1949ರಲ್ಲಿ ಹಳ್ಳಿಯ ನಾಟಕ ಸಂಘವಾಗಿ ಹುಟ್ಟಿದ ನೀನಾಸಂ, 1985ರಿಂದ ತಿರುಗಾಟದ ಮೂಲಕ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ. ಅಲ್ಲಿ ಪ್ರದರ್ಶನವೊಂದನ್ನು ನೋಡುತ್ತಿದ್ದಾಗ, ನಟರು ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ವಾಕ್ಯವೂ ಒಂದು ಕ್ಷಣ ನಿಲ್ಲುವುದನ್ನು ಗಮನಿಸಿದೆ. ಅಂದು ರಾತ್ರಿ ನನ್ನ ಕತೆಯನ್ನು ಗಟ್ಟಿಯಾಗಿ ಓದತೊಡಗಿದರೆ, ಎರಡನೆಯ ಪುಟದಲ್ಲೇ ನಾಲಿಗೆ ಮೂರು ಕಡೆ ತಡವರಿಸಿತು.

ಅದಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು ನಮ್ಮ ಮನೆಯ ಅಡಿಕೆ ಚಪ್ಪರದಲ್ಲಿ. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ನಡುರಾತ್ರಿ ಒಬ್ಬಳೇ ಕುಳಿತು, ಮಾತಿಲ್ಲದೆ, ಕಣ್ಣೀರು ಸುರಿಸುತ್ತ ಅಡಿಕೆ ಸುಲಿಯುವ ಚಿತ್ರವನ್ನು ಬರೆದಿದ್ದೆ. ಅದು ನನಗೆ ಬಹಳ ಇಷ್ಟವಾದ ಭಾಗವಾಗಿತ್ತು. ಸುಲಿಯಲು ಬಂದವರ ನಡುವೆ ಕುಳಿತು ಅದನ್ನು ಓದಿದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಮೆಟ್ಟುಗತ್ತಿಯಿಂದ ಕಣ್ಣು ತೆಗೆಯದೆ ಕೇಳುತ್ತಿದ್ದ ಹಿರಿಯಾಕೆ ಹೇಳಿದರು: "ಒಬ್ಳೇ ಸುಮ್ನೆ ಕೂತು ಸುಲಿದ್ರೆ ನಿದ್ದೆ ಬಂದು ಬೆರಳೇ ಹೋಗ್ತದೆ ಅಮ್ಮಾ. ಮಾತಾಡ್ತಾ ಇದ್ರೇನೇ ಕೈ ಓಡೋದು."

ಹುಟ್ಟಿದಾಗಿನಿಂದ ಆ ಚಪ್ಪರವನ್ನು ನೋಡುತ್ತ ಬೆಳೆದಿದ್ದರೂ ನಾನು ಇದನ್ನು ಗಮನಿಸಿರಲಿಲ್ಲ. ಆ ಹೆಂಗಸನ್ನು ಹತ್ತು ಜನರ ಹರಟೆಯ ನಡುವೆ ಕೂರಿಸಿ, ಎಲ್ಲರೂ ನಗುವಾಗ ಅವಳೂ ನಕ್ಕು, ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆಯುವ ಹೊತ್ತಿಗೆ ಮಾತ್ರ ಲೆಕ್ಕ ತಪ್ಪುವಂತೆ ಬರೆದ ಮೇಲೆ, ಅವಳ ದುಃಖವನ್ನು ಹೇಳಲು ಕಣ್ಣೀರಿನ ಅಗತ್ಯವೇ ಉಳಿಯಲಿಲ್ಲ.

ಆದುದರಿಂದ ಹೊಸದಾಗಿ ಬರೆಯುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟೆ: ನೀವು ಯಾರ ಬದುಕನ್ನು ಬರೆದಿದ್ದೀರೋ ಅವರಲ್ಲೊಬ್ಬರಿಗೆ ಓದಿ ಹೇಳಿ. ಸಾಹಿತ್ಯ ಬಲ್ಲ ಸ್ನೇಹಿತರು ಶೈಲಿಯನ್ನು ಹೊಗಳಬಹುದು, ಆದರೆ ಕೆಲಸ ಬಲ್ಲವರು ಸುಳ್ಳನ್ನು ಹಿಡಿಯುತ್ತಾರೆ. ಮೊದಲ ಕರಡನ್ನು ಒಂದು ತಿಂಗಳಾದರೂ ಪೆಟ್ಟಿಗೆಯಲ್ಲಿ ಇಡಿ. ಪತ್ರಿಕೆಗೆ ಕಳುಹಿಸುವಾಗ ಬೆರಳಚ್ಚು 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಬೇಕೋ ಯೂನಿಕೋಡ್‌ನಲ್ಲಿ ಬೇಕೋ ನೋಡಿಕೊಳ್ಳಿ. ಒಂದೇ ಕತೆಯನ್ನು ಏಕಕಾಲಕ್ಕೆ ಎರಡು ಕಡೆಗೆ ಕಳುಹಿಸಬೇಡಿ. ಹಿಂದಿರುಗಿ ಬಂದರೆ ಹರಿದು ಹಾಕಬೇಡಿ, ಅದರೊಳಗೆ ಒಂದು ನಿಜವಾದ ಪುಟ ಇದ್ದೇ ಇರುತ್ತದೆ.

ನನ್ನ ಕರಡುಗಳ ಅಂಚಿನಲ್ಲಿ ಈಗ ಎರಡು ಬಗೆಯ ಗುರುತುಗಳಿರುತ್ತವೆ: ಓದುವಾಗ ಉಸಿರು ಕಟ್ಟಿದ ಕಡೆ ಒಂದು ಗೀಟು, ಕೇಳುವವರು ಕೆಲಸ ನಿಲ್ಲಿಸಿ ಮುಖ ಎತ್ತಿದ ಕಡೆ ಒಂದು ಚುಕ್ಕೆ. ಹಿಂದಿರುಗಿದ್ದ ಹಳೆಯ ಕತೆಗಳಲ್ಲಿ ಮೂರನ್ನು ಹೀಗೆ ತಿದ್ದಿದೆ. ಎರಡು ಅಚ್ಚಾದವು, ಮೂರನೆಯದನ್ನು ಈ ಕೊಯ್ಲಿನಲ್ಲಿ ಮತ್ತೊಮ್ಮೆ ಚಪ್ಪರದಲ್ಲಿ ಓದಬೇಕಾಗಿದೆ.